70 ದಾಟಿದವರಿಗೆ ಆಸ್ಪತ್ರೆ ಕಾರ್ಡ್ ಬಂತು, ಮನೆಯಲ್ಲಿ ನೋಡಿಕೊಳ್ಳುವವರು ಯಾರು?

ಪ್ರಶ್ನೆ: ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ಅಪ್ಪನಿಗೆ 79, ಅಮ್ಮನಿಗೆ 74. ನಾನು ಬೆಂಗಳೂರಿನಲ್ಲಿದ್ದೇನೆ, ಅಣ್ಣ ಪುಣೆಯಲ್ಲಿ. ಹೋದ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದ ಮೇಲೆ ಅವರು ಸರಿಯಾಗಿ ಓಡಾಡಲೇ ಇಲ್ಲ. ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು, ರಾತ್ರಿ ಎದ್ದು ಮೂತ್ರಕ್ಕೆ ಕರೆದುಕೊಂಡು ಹೋಗುವುದು ಎಲ್ಲ ಅಮ್ಮನೇ. ಹೋಮ್ ನರ್ಸ್ ಇಟ್ಟೆವು, ಸ್ವಲ್ಪ ದಿನಕ್ಕೇ ಬಿಟ್ಟುಹೋದರು. ‘70 ದಾಟಿದವರಿಗೆಲ್ಲ ಕೇಂದ್ರದ 5 ಲಕ್ಷದ ಕಾರ್ಡ್ ಬಂದಿದೆಯಲ್ಲ, ಇನ್ನೇನು ಚಿಂತೆ’ ಅನ್ನುತ್ತಾನೆ ಅಣ್ಣ. ನಿಜವಾಗಿಯೂ ಅಷ್ಟು ಸಾಕಾ? ನನಗೀಗ 45. ನನ್ನ ಕಾಲಕ್ಕಾದರೂ ದೇಶದ ಆರೋಗ್ಯ ವ್ಯವಸ್ಥೆ ಮುಪ್ಪಿಗೆ ತಯಾರಾಗಿರುತ್ತದಾ?

ಉತ್ತರ: ಮೊದಲು ನಿಮ್ಮ ಅಣ್ಣನ ಮಾತನ್ನು ತೆಗೆದುಕೊಳ್ಳೋಣ. ಆ ಕಾರ್ಡ್ ಒಳ್ಳೆಯದು, ಅದರಲ್ಲಿ ಅನುಮಾನ ಬೇಡ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ದಾಟಿದ ಎಲ್ಲರಿಗೂ ತೆರೆಯಿತು. ಬಡವರು, ಅನುಕೂಲಸ್ಥರು ಎಂಬ ಭೇದ ಇಲ್ಲ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಸುಮಾರು 6 ಕೋಟಿ ಹಿರಿಯರಿಗೆ ಅನುಕೂಲವಾಗಲಿ ಅನ್ನುವುದು ಲೆಕ್ಕ. ಮೊದಲೇ ಕಾಯಿಲೆ ಇತ್ತು ಎಂದು ಯಾರೂ ತಳ್ಳಿಹಾಕುವ ಹಾಗಿಲ್ಲ. ಖಾಸಗಿ ವಿಮೆಗೆ ಓಡಾಡಿ ‘ವಯಸ್ಸಾಯಿತು, ಕೊಡಲ್ಲ’ ಎಂಬ ಉತ್ತರ ಕೇಳಿ ಬಂದವರಿಗೆ ಇದರ ಬೆಲೆ ಗೊತ್ತು.

ಆದರೆ ಈ ಕಾರ್ಡ್ ಕೆಲಸ ಮಾಡುವುದು ಆಸ್ಪತ್ರೆಗೆ ಸೇರಿದಾಗ ಮಾತ್ರ. ಸೇರುವ ಮುಂಚಿನ 3 ದಿನ, ಬಿಡುಗಡೆ ಆದ ಮೇಲೆ 15 ದಿನ, ಅಷ್ಟರವರೆಗಿನ ಖರ್ಚು ಅದರಲ್ಲಿ ಸೇರಿದೆ. 16ನೇ ದಿನದಿಂದ ನಿಮ್ಮ ಅಪ್ಪನನ್ನು ನಡೆಸಲು ಬರುವ ಫಿಸಿಯೋ, ಡಯಾಪರ್, ವಾಕರ್, ತಿಂಗಳು ತಿಂಗಳು ತರುವ ಬಿ.ಪಿ. ಮಾತ್ರೆ, ಹೋಮ್ ನರ್ಸ್ ಸಂಬಳ, ಯಾವುದಕ್ಕೂ ಅದರಲ್ಲಿ ದುಡ್ಡಿಲ್ಲ. ಸೊಂಟದ ಮೂಳೆ ಮುರಿದ ಹಿರಿಯರ ವಿಷಯದಲ್ಲಿ ಆಪರೇಷನ್ ಅರ್ಧ ಕೆಲಸ. ಉಳಿದರ್ಧ ಮನೆಯಲ್ಲಿ ನಡೆಯಬೇಕು. ದಿನಾ ಎಬ್ಬಿಸಿ ನಿಲ್ಲಿಸಬೇಕು, ನಾಲ್ಕು ಹೆಜ್ಜೆ ಹಾಕಿಸಬೇಕು. ಅದು ತಪ್ಪಿದರೆ ತೊಡೆಯ ಸ್ನಾಯು ಬೇಗ ಸೊರಗುತ್ತದೆ, ಆಮೇಲೆ ಏಳುವುದೇ ಕಷ್ಟ. ನಿಮ್ಮ ಅಪ್ಪನಿಗೆ ಆಗಿದ್ದು ಬಹುಶಃ ಇದೇ. ತಪ್ಪು ನಿಮ್ಮದಲ್ಲ, ಅಮ್ಮನದಂತೂ ಖಂಡಿತ ಅಲ್ಲ. ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ಅವರ ಕೈ ಹಿಡಿಯುವವರು ವ್ಯವಸ್ಥೆಯಲ್ಲಿ ಯಾರೂ ಇರಲಿಲ್ಲ.

ಈಗ ದೇಶದ ಮಾತಿಗೆ ಬರೋಣ. ಇಲ್ಲಿ ನಿಮಗೆ ಜಪಾನಿನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ನಾವು 2024ರಲ್ಲಿ ಇಟ್ಟ ಹೆಜ್ಜೆಯನ್ನೇ ಅವರು 1973ರಲ್ಲಿ ಇಟ್ಟಿದ್ದರು. ಆಗ ಅಲ್ಲಿ 65 ದಾಟಿದವರು ಜನಸಂಖ್ಯೆಯ ನೂರಕ್ಕೆ ಸುಮಾರು 7. ಇವತ್ತು ಭಾರತವೂ ಹೆಚ್ಚುಕಡಿಮೆ ಅಲ್ಲೇ ನಿಂತಿದೆ.

1973ರಲ್ಲಿ ಜಪಾನ್ ಸರ್ಕಾರ 70 ದಾಟಿದವರಿಗೆ ಚಿಕಿತ್ಸೆ ಉಚಿತ ಎಂದಿತು. ಜನರಿಗೆ ಖುಷಿಯಾಯಿತು. ಆದರೆ ಮನೆಯಲ್ಲಿ ಸ್ನಾನ ಮಾಡಿಸಲು, ಊಟ ಮಾಡಿಸಲು ಸಹಾಯ ಮಾತ್ರ ಎಲ್ಲೂ ಇರಲಿಲ್ಲ. ವೃದ್ಧಾಶ್ರಮಕ್ಕೆ ಸೇರಿಸಿದರೆ ನೆಂಟರಿಷ್ಟರ ಮುಂದೆ ಅವಮಾನ. ಹಾಗಾಗಿ ಕುಟುಂಬಗಳು ಹಿರಿಯರನ್ನು ಆಸ್ಪತ್ರೆಗೆ ಸೇರಿಸಿ ಅಲ್ಲೇ ಬಿಡತೊಡಗಿದವು. ಕಾಯಿಲೆ ವಾಸಿಯಾಗಿದೆ, ಆದರೆ ಮನೆಗೆ ಕರೆದುಕೊಂಡು ಹೋದರೆ ನೋಡಿಕೊಳ್ಳುವವರಿಲ್ಲ. ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಆಸ್ಪತ್ರೆ ಹಾಸಿಗೆಯಲ್ಲೇ ಉಳಿದರು. ಹಾಗೆ ಮಲಗಿದ ಹಲವರು ಮತ್ತೆ ಏಳಲಿಲ್ಲ. ಖರ್ಚು ತಡೆಯಲಾಗದೆ 1983ರಿಂದ ಮತ್ತೆ ಸಣ್ಣ ಶುಲ್ಕ ಹಾಕಬೇಕಾಯಿತು. ಶುಲ್ಕ ಹಾಕಿದರೂ ಮೂಲ ಸಮಸ್ಯೆ ಹಾಗೇ ಇತ್ತು.

ಆಮೇಲೆ ಅವರು ಮಾಡಿದ್ದೇ ನಾವು ಕಲಿಯಬೇಕಾದ ಭಾಗ. 1989ರಲ್ಲಿ ‘ಗೋಲ್ಡ್ ಪ್ಲಾನ್’ ಎಂಬ ಹತ್ತು ವರ್ಷದ ಯೋಜನೆ ಹಾಕಿದರು. ಅದರಲ್ಲಿ ಹೆಚ್ಚಿನ ಒತ್ತು ಇದ್ದಿದ್ದು ಜನರ ಮೇಲೆ. ಮನೆಮನೆಗೆ ಹೋಗಿ ನೋಡಿಕೊಳ್ಳುವ 1 ಲಕ್ಷ ಸಹಾಯಕರು, 10 ಸಾವಿರ ಹಗಲು ಆರೈಕೆ ಕೇಂದ್ರಗಳು, ಮನೆಯವರಿಗೆ ಬಿಡುವು ಬೇಕಾದಾಗ ಹಿರಿಯರನ್ನು ಕೆಲವು ದಿನ ಇರಿಸಿಕೊಳ್ಳುವ 50 ಸಾವಿರ ಹಾಸಿಗೆಗಳು. ಐದು ವರ್ಷ ಆದ ಮೇಲೆ ಸಾಲದು ಅನ್ನಿಸಿ ಸಹಾಯಕರ ಗುರಿಯನ್ನು 1.7 ಲಕ್ಷಕ್ಕೆ ಏರಿಸಿದರು. ಇಷ್ಟು ತಯಾರಿ ಆದ ಮೇಲೆಯೇ 1997ರಲ್ಲಿ ದೀರ್ಘಕಾಲದ ಆರೈಕೆ ವಿಮೆಯ ಕಾನೂನು ತಂದು, 2000ದ ಏಪ್ರಿಲ್‌ನಲ್ಲಿ ಜಾರಿ ಮಾಡಿದರು. ಮೊದಲು ಕೆಲಸದವರು, ಆಮೇಲೆ ಹಕ್ಕು. ಈ ಕ್ರಮ ತಿರುಗಿಸಿದ್ದರೆ ಕಾರ್ಡ್ ಹಿಡಿದುಕೊಂಡು ಜನ ಸುಮ್ನೆ ಕಾಯಬೇಕಾಗುತ್ತಿತ್ತು.

ಆ ವಿಮೆಗೆ 40 ವರ್ಷ ತುಂಬಿದ ಎಲ್ಲರೂ ಕಂತು ಕಟ್ಟುತ್ತಾರೆ. ಅರ್ಧ ಹಣ ಕಂತಿನಿಂದ, ಅರ್ಧ ತೆರಿಗೆಯಿಂದ. ಸೇವೆ ಪಡೆಯುವಾಗ ಸಾಮಾನ್ಯವಾಗಿ ಖರ್ಚಿನ ನೂರಕ್ಕೆ 10ನ್ನು ಮನೆಯವರು ಕೊಡಬೇಕು, ಆದಾಯ ಜಾಸ್ತಿ ಇದ್ದರೆ 20 ಅಥವಾ 30. ಇದನ್ನು ನಡೆಸುವುದು ಊರಿನ ಪುರಸಭೆ. ಒಬ್ಬರಿಗೆ ಸಹಾಯ ಬೇಕು ಅಂದರೆ ಪುರಸಭೆಯವರು ಮನೆಗೆ ಬಂದು ನೋಡುತ್ತಾರೆ. ಮಗ್ಗುಲು ಬದಲಿಸಲು ಆಗುತ್ತಾ, ಬಟ್ಟೆ ಹಾಕಿಕೊಳ್ಳಲು ಆಗುತ್ತಾ, ತಾರೀಖು ನೆನಪಿದೆಯಾ, ಹೀಗೆ 74 ವಿಷಯ ಕೇಳಿ ಬರೆದುಕೊಳ್ಳುತ್ತಾರೆ. ಅದರ ಮೇಲೆ 7 ಹಂತಗಳಲ್ಲಿ ಒಂದನ್ನು ಗೊತ್ತು ಮಾಡುತ್ತಾರೆ. ಕಾಯಿಲೆಯ ಹೆಸರಿಗಿಂತ, ಆ ಮನುಷ್ಯನಿಗೆ ದಿನಕ್ಕೆ ಎಷ್ಟು ಸಹಾಯ ಬೇಕು ಎಂಬುದರ ಮೇಲೆ ಹಂತ ನಿಂತಿರುತ್ತದೆ. ನಮ್ಮ ವ್ಯವಸ್ಥೆ ಈ ಪ್ರಶ್ನೆಯನ್ನು ಇನ್ನೂ ಕೇಳಲು ಶುರು ಮಾಡಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಈ ಕಾನೂನು ಮಾಡುವಾಗ ಜಪಾನಿನಲ್ಲಿ ದೊಡ್ಡ ಚರ್ಚೆ ನಡೆಯಿತು. ಜರ್ಮನಿ 1995ರಲ್ಲೇ ಇಂಥ ವಿಮೆ ತಂದು, ಬೇಕಾದವರಿಗೆ ಸೇವೆಯ ಬದಲು ನಗದು ಕೊಡುತ್ತಿತ್ತು. ಅದನ್ನೇ ಮಾಡೋಣ ಎಂದರು ಕೆಲವರು. ಅಲ್ಲಿನ ಮಹಿಳಾ ಸಂಘಟನೆಗಳು ಬೇಡ ಅಂದವು. ದುಡ್ಡು ಕೊಟ್ಟರೆ ಕೆಲಸ ಸೊಸೆಯ ತಲೆ ಮೇಲೆಯೇ ಉಳಿಯುತ್ತದೆ, ಅವಳಿಗೆ ಮನೆ ಬಿಟ್ಟು ಹೊರಗೆ ಹೋಗಲೂ ಆಗುವುದಿಲ್ಲ ಎಂಬುದು ಅವರ ವಾದ. ಕೊನೆಗೆ ಜಪಾನ್ ನಗದು ಬಿಟ್ಟು ಸೇವೆಯನ್ನೇ ಆರಿಸಿತು. ನಮ್ಮ ಮನೆಗಳಲ್ಲಿ ಮಾವನಿಗೆ ಊಟ ಮಾಡಿಸುವವರು, ಅತ್ತೆಯ ಬಟ್ಟೆ ಬದಲಿಸುವವರು ಯಾರು ಎಂದು ಯೋಚಿಸಿದರೆ ಆ ವಾದದ ತೂಕ ನಿಮಗೇ ಗೊತ್ತಾಗುತ್ತದೆ. ‘ನಮ್ಮಲ್ಲಿ ಕುಟುಂಬ ನೋಡಿಕೊಳ್ಳುತ್ತದೆ’ ಎಂದು ಭಾಷಣದಲ್ಲಿ ಹೇಳುತ್ತಾರಲ್ಲ, ಆ ಕುಟುಂಬ ಅಂದರೆ ಸಾಮಾನ್ಯವಾಗಿ ಒಬ್ಬ ಹೆಂಗಸು. ನಿಮ್ಮ ಮನೆಯಲ್ಲಿ 74 ವರ್ಷದ ಹೆಂಗಸು.

ಬ್ರಿಟನ್ ಕಡೆ ನೋಡಿದರೆ ಇದೇ ಪಾಠ ಬೇರೆ ರೀತಿಯಲ್ಲಿದೆ. ಅಲ್ಲಿ 1948ರಿಂದ ಆಸ್ಪತ್ರೆ ಉಚಿತ. ಆದರೆ ಇಂಗ್ಲೆಂಡಿನಲ್ಲಿ ಮನೆಯ ಆರೈಕೆಗೆ ಸ್ಥಳೀಯ ಆಡಳಿತ ಸಹಾಯ ಮಾಡಬೇಕಾದರೆ ವಾಸದ ಮನೆ ಬಿಟ್ಟು ನಿಮ್ಮ ಉಳಿದ ಆಸ್ತಿ, ಉಳಿತಾಯ 23,250 ಪೌಂಡ್‌ಗಿಂತ ಕಡಿಮೆ ಇರಬೇಕು. ಇದರ ಪರಿಣಾಮ ಆಸ್ಪತ್ರೆಯ ಮೇಲೇ ಬೀಳುತ್ತದೆ. ಮನೆಗೆ ಹೋಗಲು ಸಿದ್ಧರಾದ ಸುಮಾರು 12 ಸಾವಿರ ಜನ, ಆರೈಕೆ ಸಿಗದಿರುವುದೂ ಸೇರಿ ಹಲವು ಕಾರಣಕ್ಕೆ, ಹಾಸಿಗೆಯಲ್ಲೇ ಉಳಿದ ದಿನಗಳು ಈಚಿನ ವರ್ಷಗಳಲ್ಲಿ ಬಂದಿವೆ. ಒಬ್ಬರು ಆರೈಕೆಗೆ ಖರ್ಚು ಮಾಡಬೇಕಾದ ಹಣಕ್ಕೆ 86 ಸಾವಿರ ಪೌಂಡ್ ಮಿತಿ ಹಾಕುತ್ತೇವೆ ಎಂದು 2021ರಲ್ಲಿ ಹೇಳಿ, 2024ರಲ್ಲಿ ಅದನ್ನೂ ಕೈಬಿಟ್ಟರು. ಮನೆಯ ಆರೈಕೆ ಬಡವಾಗಿದ್ದರೆ ಎಷ್ಟು ದೊಡ್ಡ ಆಸ್ಪತ್ರೆಯೂ ತುಂಬಿಹೋಗುತ್ತದೆ.

ನೀವು ಕೇಳಿದ್ದು ‘ನನ್ನ ಕಾಲಕ್ಕೆ’ ಎಂದು. ನಿಮಗೆ 70 ಆಗುವುದು 2050ರ ಹೊತ್ತಿಗೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಕೊಟ್ಟ ವರದಿ ಪ್ರಕಾರ ಭಾರತದಲ್ಲಿ 60 ದಾಟಿದವರು 2022ರಲ್ಲಿ 14.9 ಕೋಟಿ ಇದ್ದರು. 2050ಕ್ಕೆ 34.7 ಕೋಟಿ ಆಗುತ್ತಾರೆ, ಅಂದರೆ ಐವರಲ್ಲಿ ಒಬ್ಬರು. 80 ದಾಟಿದವರ ಸಂಖ್ಯೆ ಇನ್ನೂ ಜೋರಾಗಿ ಏರುತ್ತದೆ. ದಕ್ಷಿಣದ ರಾಜ್ಯಗಳಿಗೆ ಇದು ಮೊದಲೇ ಬರುತ್ತದೆ. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ನಿಮ್ಮ ಅಜ್ಜಿಗೆ ಐದಾರು ಮಕ್ಕಳಿದ್ದರೆ, ಒಬ್ಬರಲ್ಲ ಒಬ್ಬರು ಊರಲ್ಲಿ ಇರುತ್ತಿದ್ದರು. ನಿಮ್ಮ ತಲೆಮಾರಿಗೆ ಆ ಅನುಕೂಲ ಇಲ್ಲ.

ಜತೆಗೆ ಮರೆವಿನ ಕಾಯಿಲೆ. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ ಎಂದು 2023ರ ಅಧ್ಯಯನವೊಂದು ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ಇಂಥವರಿಗೆ ಆಪರೇಷನ್ ಬೇಕಾಗಿಲ್ಲ, ಹಗಲೂ ರಾತ್ರಿ ಜತೆಗೊಬ್ಬರು ಬೇಕು. ಕರ್ನಾಟಕ ಈ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಶುರು ಮಾಡಿದೆ. ನಿಮ್ಹಾನ್ಸ್ ಜತೆ ಸೇರಿ 2022ರಲ್ಲಿ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ತೆರೆಯಿತು. ಕಾಯಿಲೆ ಬೇಗ ಗುರುತಿಸಲು ಇದು ಸಹಾಯ. ಗುರುತಿಸಿದ ಮೇಲೆ ಮನೆಯಲ್ಲಿ ನೋಡಿಕೊಳ್ಳುವವರ ಪ್ರಶ್ನೆ ಮತ್ತೆ ಅಲ್ಲೇ ನಿಲ್ಲುತ್ತದೆ.

ಕಾಗದದ ಮೇಲೆ ನಮ್ಮಲ್ಲೂ ಯೋಜನೆ ಇದೆ. ಹಿರಿಯರ ಆರೋಗ್ಯಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದು 2010–11ರಲ್ಲಿ. ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಯ ವಾರ್ಡ್, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಹಿರಿಯರ ಕ್ಲಿನಿಕ್, ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಕಾರ್ಯಕರ್ತರ ಭೇಟಿ, ಎಲ್ಲ ಬರೆದಿದ್ದಾರೆ. ಒಳ್ಳೆಯ ಯೋಜನೆ ಅದು. ಆದರೆ ಮನೆ ಭೇಟಿ ಎನ್ನುವುದು ಈಗಾಗಲೇ ಬಾಣಂತಿ, ಮಗು, ಲಸಿಕೆ, ಟಿ.ಬಿ., ಸಕ್ಕರೆ ಕಾಯಿಲೆ ಎಲ್ಲ ಹೊತ್ತಿರುವ ಅದೇ ಆಶಾ, ಅದೇ ನರ್ಸ್ ತಲೆಗೆ ಬಿದ್ದಿದೆ. ಹೊಸ ಕೆಲಸಕ್ಕೆ ಹೊಸ ಕೈಗಳು ಬರಲಿಲ್ಲ. ಹೀಗೆ ಇರುವವರ ಮೇಲೇ ಹೇರುವುದನ್ನು ಯೋಜನೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ದುಡ್ಡಿಲ್ಲದ ರಾಜ್ಯ ಇದನ್ನು ಹೇಗೆ ಮಾಡಬೇಕು ಎಂದು ಕೇಳಿದರೆ ನಾನು ಜಪಾನಿಗಿಂತ ಮೊದಲು ಕೇರಳದ ಕಡೆ ಕೈ ತೋರಿಸುತ್ತೇನೆ. 1993ರಲ್ಲಿ ಕೋಳಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಕಡಿಮೆ ಮಾಡುವ ಒಂದು ಸಣ್ಣ ಕ್ಲಿನಿಕ್ ಶುರು ಮಾಡಿದರು. ರೋಗಿಗಳು ಆಸ್ಪತ್ರೆಗೆ ಬರಲಾಗದೆ ಒದ್ದಾಡುವುದು ಕಂಡು ಅದು ಮನೆಗಳಿಗೆ ಹೊರಟಿತು. ಮಲಪ್ಪುರಂ ಜಿಲ್ಲೆಯಲ್ಲಿ ಊರಿನವರೇ ಗುಂಪು ಕಟ್ಟಿ, ತರಬೇತಿ ಪಡೆದು, ಅಕ್ಕಪಕ್ಕದ ಹಾಸಿಗೆ ಹಿಡಿದವರನ್ನು ನೋಡತೊಡಗಿದರು. 2008ರಲ್ಲಿ ರಾಜ್ಯ ಸರ್ಕಾರ ಇದಕ್ಕೊಂದು ನೀತಿಯನ್ನೇ ಮಾಡಿತು. ಪಂಚಾಯಿತಿ ತನ್ನ ಯೋಜನಾ ಹಣದಲ್ಲಿ ಒಬ್ಬ ತರಬೇತಾದ ನರ್ಸ್ ಇಟ್ಟುಕೊಳ್ಳುತ್ತದೆ, ಗಾಡಿ ಗೊತ್ತು ಮಾಡುತ್ತದೆ. ನರ್ಸ್ ಮನೆಗೆ ಬಂದು ಹಾಸಿಗೆ ಹುಣ್ಣು ಶುಚಿ ಮಾಡುತ್ತಾರೆ, ಮೂತ್ರದ ನಳಿಕೆ ಬದಲಿಸುತ್ತಾರೆ, ಮನೆಯವರಿಗೆ ಮಗ್ಗುಲು ಬದಲಿಸುವುದು ಹೇಗೆ ಎಂದು ಕಲಿಸುತ್ತಾರೆ. ನೋಡಿಕೊಳ್ಳುವವರಿಗೆ ಸರ್ಕಾರ ತಿಂಗಳಿಗೆ 600 ರೂಪಾಯಿ ಕೊಡುವ ಯೋಜನೆಯೂ ಇದೆ. ಹಣ ಸಣ್ಣದು. ಆದರೆ ಮನೆಯಲ್ಲಿ ಮಾಡುವುದೂ ಕೆಲಸವೇ ಎಂದು ಸರ್ಕಾರ ಒಪ್ಪಿಕೊಂಡಿದೆ.

ಇದನ್ನು ಕರ್ನಾಟಕದಲ್ಲಿ ಮಾಡಲು ಹೊಸ ಕಟ್ಟಡ ಬೇಕಿಲ್ಲ. ಹಳ್ಳಿಯ ಆರೋಗ್ಯ ಉಪಕೇಂದ್ರಗಳು (ಸಬ್‌ಸೆಂಟರ್) ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿವೆ, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ, ಹಿರಿಯರ ಆರೈಕೆ ಅವರು ಕೊಡಬೇಕಾದ 12 ಸೇವೆಗಳಲ್ಲಿ ಒಂದು. ಬೇಕಿರುವುದು ಇದೊಂದೇ ಕೆಲಸಕ್ಕೆ ಮೀಸಲಾದ ನರ್ಸ್, ಅವರಿಗೆ ಓಡಾಡಲು ಗಾಡಿ, ಮತ್ತು ಪ್ರತಿ ಊರಲ್ಲಿ ಸಂಬಳ ಪಡೆಯುವ ಒಂದಿಬ್ಬರು ಆರೈಕೆ ಸಹಾಯಕರು. ಸಂಬಳ ಎಂಬ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಗೌರವಧನ ಕೊಟ್ಟು ಈ ಕೆಲಸ ಮಾಡಿಸಬಾರದು. ನಿಮ್ಮ ಹೋಮ್ ನರ್ಸ್ ಯಾಕೆ ಬಿಟ್ಟುಹೋದರು ಎಂದು ಯೋಚಿಸಿ. ಸಾಮಾನ್ಯವಾಗಿ ಇವರಿಗೆ ರಜೆ ಇಲ್ಲ, ರಾತ್ರಿ ನಿದ್ದೆ ಇಲ್ಲ, ಸರಿಯಾದ ತರಬೇತಿ ಇಲ್ಲ. ನೀವು ಕೊಟ್ಟ ಹಣದಲ್ಲಿ ಒಂದು ಪಾಲು ಏಜೆನ್ಸಿಗೆ ಹೋಗುತ್ತದೆ. ಇಂಥ ಕೆಲಸದಲ್ಲಿ ಯಾರು ನಿಲ್ಲುತ್ತಾರೆ?

ಇಲ್ಲಿ ಇನ್ನೊಂದು ಎಚ್ಚರಿಕೆ. ಜಪಾನಿಗೆ 2040ರ ಹೊತ್ತಿಗೆ ಈಗಿರುವವರ ಜತೆ ಇನ್ನೂ ಸುಮಾರು 5.7 ಲಕ್ಷ ಆರೈಕೆ ಕೆಲಸಗಾರರು ಬೇಕು. ಅವರು ಹೊರದೇಶಗಳಿಂದ ಜನರನ್ನು ಕರೆಯುತ್ತಿದ್ದಾರೆ. ಕೆಲಸಗಾರರನ್ನು ಕಳಿಸಲು 2021ರ ಜನವರಿಯಲ್ಲಿ ಭಾರತ ಜಪಾನಿನ ಜತೆ ಸಹಿ ಹಾಕಿದ ಒಪ್ಪಂದದಲ್ಲಿ ಹಿರಿಯರ ಆರೈಕೆಯೂ ಸೇರಿದೆ. ನಮ್ಮ ಹುಡುಗಿಯರು, ಹುಡುಗರು ಭಾಷೆ ಕಲಿತು ಹೋಗುವುದು ಖುಷಿಯ ವಿಷಯ, ಹೋಗಲಿ. ಆದರೆ ಇಲ್ಲಿ ಬದುಕಲು ಸಾಲುವಷ್ಟು ಸಂಬಳ, ಕಲಿತದ್ದಕ್ಕೆ ಪ್ರಮಾಣಪತ್ರ, ಮೇಲೆ ಏರುವ ದಾರಿ ಇಲ್ಲದಿದ್ದರೆ 2050ರಲ್ಲಿ ನಿಮ್ಮ ಕೈ ಹಿಡಿಯಲು ತರಬೇತಾದವರು ಈ ಊರಲ್ಲಿ ಉಳಿದಿರುವುದಿಲ್ಲ. ಯಂತ್ರವನ್ನು ಒಂದು ವರ್ಷದಲ್ಲಿ ಕೊಳ್ಳಬಹುದು. ಲಕ್ಷಾಂತರ ಕೆಲಸಗಾರರನ್ನು ತಯಾರು ಮಾಡಲು ಜಪಾನಿಗೇ ಹತ್ತು ವರ್ಷ ಹಿಡಿಯಿತು.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಇರಬಹುದು. ಜಪಾನಿನಂತೆ 40ರಿಂದ ಎಲ್ಲರ ಹತ್ತಿರ ಕಂತು ಕಟ್ಟಿಸುವುದು ಈಗಲೇ ನಮಗೆ ಆಗದ ಮಾತು. ಅಲ್ಲಿ 1961ರಿಂದಲೇ ಪ್ರತಿಯೊಬ್ಬರೂ ಆರೋಗ್ಯ ವಿಮೆಯೊಳಗೆ ಇದ್ದಾರೆ. ನಮ್ಮಲ್ಲಿ ಹೆಚ್ಚಿನವರು ಕೂಲಿ, ಬೇಸಾಯ, ಸಣ್ಣ ಅಂಗಡಿ ನಂಬಿದವರು. ಹಾಗಾಗಿ ತೆರಿಗೆ ಹಣದಲ್ಲೇ ಶುರು ಮಾಡಬೇಕು. ಸರ್ಕಾರಗಳು ಆರೋಗ್ಯಕ್ಕೆ ಮಾಡಿದ ಖರ್ಚು 2021–22ರಲ್ಲಿ ದೇಶದ ಒಟ್ಟು ಉತ್ಪನ್ನದ ನೂರಕ್ಕೆ 1.84. 2017ರ ಆರೋಗ್ಯ ನೀತಿ 2025ರೊಳಗೆ 2.5ಕ್ಕೆ ಏರಿಸುತ್ತೇವೆ ಎಂದಿತ್ತು. ಆ ಮಾತು ಉಳಿಸಿಕೊಂಡು, ಹೆಚ್ಚುವ ಹಣದಲ್ಲಿ ಒಂದು ಭಾಗವನ್ನು ಮನೆಯ ಆರೈಕೆಗೆ ಎಂದೇ ಬರೆದಿಡಬೇಕು. ಪಿಂಚಣಿಯನ್ನೂ ಇದರ ಜತೆ ನೋಡಬೇಕು. ಬಡ ಹಿರಿಯರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ, 80 ದಾಟಿದರೆ 500. ಈ 200 ರೂಪಾಯಿ 2007ರಿಂದ ಹಾಗೇ ಇದೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಒಂದು ತಿಂಗಳ ಬಿ.ಪಿ., ಸಕ್ಕರೆ ಮಾತ್ರೆಗೂ ಅದು ಸಾಲುವುದಿಲ್ಲ.

ದೇಶ ಬದಲಾಗುವವರೆಗೆ ನೀವು ಕಾಯಲು ಆಗುವುದಿಲ್ಲ, ಅಲ್ವಾ? ನಿಮ್ಮ ಮನೆಗೆ ಈಗಲೇ ಆಗುವ ಕೆಲವು ಕೆಲಸ ಹೇಳುತ್ತೇನೆ.

ಅಪ್ಪನನ್ನು ಇನ್ನೊಮ್ಮೆ ಫಿಸಿಯೋಗೆ ತೋರಿಸಿ. ವರ್ಷ ಆಯಿತು, ಇನ್ನೇನು ಪ್ರಯೋಜನ ಎಂದು ಬಿಡಬೇಡಿ. ಓಡಾಡಲು ಆಗದಿದ್ದರೂ, ಹಾಸಿಗೆಯಿಂದ ಕುರ್ಚಿಗೆ ತಾವೇ ಬರುವಷ್ಟು ಶಕ್ತಿ ಬಂದರೆ ಅಮ್ಮನ ಬೆನ್ನಿನ ಭಾರ ಬಹಳ ಇಳಿಯುತ್ತದೆ. ರಾತ್ರಿಗೆ ಹಾಸಿಗೆ ಪಕ್ಕ ಕಮೋಡ್ ಕುರ್ಚಿ ಇಡಿ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿ, ಜಾರದ ನೆಲ ಮಾಡಿಸಿ. ಮೂಳೆ ಸವೆತಕ್ಕೆ ಔಷಧಿ ಶುರು ಮಾಡಿದ್ದಾರಾ ಎಂದು ವೈದ್ಯರನ್ನು ಕೇಳಿ, ಮೂಳೆ ಜೋಡಿಸಿದ ಮೇಲೆ ಇದು ಮರೆತುಹೋಗುವುದು ಸಾಮಾನ್ಯ. ಕುಟುಂಬದ ಆದಾಯ ಕಡಿಮೆ ಇದ್ದರೆ ವಾಕರ್, ಗಾಲಿಕುರ್ಚಿ, ಕಿವಿ ಯಂತ್ರ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಉಚಿತವಾಗಿ ಸಿಗುತ್ತವೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಕೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕಾರ್ಡಿನ ವಿಷಯ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಂಡು, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಯಾವ ಕಾರ್ಡ್ ನಡೆಯುತ್ತದೆ ಎಂದು ಅವಸರ ಬರುವ ಮೊದಲೇ ತಿಳಿದುಕೊಳ್ಳಿ.

ಊರಿಗೆ ಹೋದಾಗ ಗ್ರಾಮಸಭೆ ಇದ್ದರೆ ಕೂತು ಬನ್ನಿ. ನಮ್ಮ ಪಂಚಾಯಿತಿಯಲ್ಲಿ ಹಾಸಿಗೆ ಹಿಡಿದವರು ಎಷ್ಟು ಜನ, ಅವರ ಮನೆಗೆ ಯಾರು ಹೋಗುತ್ತಾರೆ ಎಂದು ಕೇಳಿ. ಮಲಪ್ಪುರಂನಲ್ಲೂ ಊರಿನವರು ಇಷ್ಟರಿಂದಲೇ ಶುರು ಮಾಡಿದ್ದು.

ಅಣ್ಣನ ಜತೆಯೂ ಒಮ್ಮೆ ಕೂತು ಮಾತಾಡಿ. ಹಣ ಕಳಿಸುವುದು ಒಬ್ಬರು, ರಜೆ ಹಾಕಿ ಬರುವುದು ಒಬ್ಬರು ಎಂದು ಆಗುವುದು ಬೇಡ. ವರ್ಷದಲ್ಲಿ ಕೆಲವು ವಾರ ಅಪ್ಪನ ಪೂರ್ತಿ ಜವಾಬ್ದಾರಿ ಅವರೇ ಹೊರಲಿ. ಆ ವಾರಗಳಲ್ಲಿ ಅಮ್ಮನನ್ನು ನಿಮ್ಮ ಮನೆಗೆ ಕರೆದುಕೊಂಡು ಬನ್ನಿ. ಅವರ ಬಿ.ಪಿ., ಸಕ್ಕರೆ, ಕಣ್ಣು, ಮಂಡಿ ತೋರಿಸಿ. ರಾತ್ರಿ ಎಷ್ಟು ಗಂಟೆ ನಿದ್ದೆ ಬರುತ್ತಿದೆ ಎಂದು ವೈದ್ಯರ ಮುಂದೆ ಕೇಳಿ, ಯಾಕೆಂದರೆ ಅವರಾಗಿ ಹೇಳುವುದಿಲ್ಲ.